ಭಾನುವಾರ ಬಸುರಿ ಬಟ್ಟೆಗಳ ಅದಲು-ಬದಲು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 11ಕ್ಕೆ, ನಾವು ಯಾವಾಗಲೂ ಸೇರುವ ಜಾಗದಲ್ಲೇ, ಗರ್ಭಿಣಿಯರ ಬಟ್ಟೆಗಳ ಅದಲು-ಬದಲು ಇಟ್ಟುಕೊಂಡಿದ್ದೇವೆ. ಹೆರಿಗೆ ಆದವರು ಬೀರುವಿನಲ್ಲಿ ಮಡಚಿಟ್ಟಿದ್ದನ್ನು ತನ್ನಿ. ಈಗ ಹೊಟ್ಟೆ ಕಾಣಿಸತೊಡಗಿರುವವರು ಬರಿಗೈಯಲ್ಲಿ ಬಂದರೂ ಸರಿ, ದುಡ್ಡಿನ ಮಾತೇ ಇಲ್ಲ.

ತರುವವರು: ಒಗೆದು ಒಣಗಿಸಿ, ಅಳತೆ ಬರೆದ ಚೀಟಿ ಪಿನ್ ಮಾಡಿ. ಸೊಂಟದ ಎಲಾಸ್ಟಿಕ್ ಒಮ್ಮೆ ಎಳೆದು ಬಿಡಿ. ಹಿಂದಕ್ಕೆ ಬರದೆ ಜೋತುಬಿದ್ದರೆ ತರಬೇಡಿ. ಒಳಉಡುಪು ಬೇಡ.

ಆರಿಸುವವರು: ಇವತ್ತು ಮೈಗೆ ಸರಿಯಾಗಿ ಕೂರುವುದು ಎಂಟನೇ ತಿಂಗಳಿಗೆ ಆಗುವುದಿಲ್ಲ. ಹೊಟ್ಟೆಯ ಹತ್ತಿರ ಒಂದು ಮುಷ್ಟಿ ಹಿಡಿಯುವಷ್ಟು ಸಡಿಲ ಇರಲಿ. ನಿಂತು ನೋಡಿದರೆ ಸಾಲದು, ಕೂತು, ಬಗ್ಗಿ ನೋಡಿ. ಪಟ್ಟಿ ಚರ್ಮದ ಮೇಲೆ ಕೆಂಪು ಗೆರೆ ಬಿಟ್ಟರೆ ಬಿಗಿ ಅಂತಲೇ ಲೆಕ್ಕ, ಎಷ್ಟೇ ಚೆಂದವಿದ್ದರೂ. ಬಸುರಲ್ಲಿ ಸೆಕೆ ಜಾಸ್ತಿ, ಹಾಗಾಗಿ ಹತ್ತಿಬಟ್ಟೆಗೇ ಮೊದಲು ಕೈ ಹಾಕಿ. ಮುಂದೆ ಗುಂಡಿಯಿರುವ ಟಾಪ್, ನೈಟಿ ಸಿಕ್ಕರೆ ಬಿಡಬೇಡಿ, ಹಾಲೂಡಿಸುವಾಗಲೂ ಬೇಕಾಗುತ್ತವೆ. ಮೊದಮೊದಲ ತಿಂಗಳಿಗೆ ಹೊಸ ಪ್ಯಾಂಟೇ ಬೇಕಿಲ್ಲ: ಕಾಜದಲ್ಲಿ ರಬ್ಬರ್ ಬ್ಯಾಂಡ್ ತೂರಿಸಿ ಗುಂಡಿಗೆ ಸುತ್ತಿದರೆ ಹಳೆಯದೇ ಇನ್ನಷ್ಟು ದಿನ ಬರುತ್ತದೆ. ಹೊಸದಾಗಿ ಕೊಳ್ಳಲೇಬೇಕಾದದ್ದು, ನನ್ನ ಪ್ರಕಾರ, ಒಳ್ಳೆಯ ಬ್ರಾ. ಒಂದೇ ಸಮಾರಂಭಕ್ಕೆಂದು ದುಬಾರಿ ಗೌನ್ ಕೊಳ್ಳುವ ಮುಂಚೆ ಇಲ್ಲಿ ಎರವಲು ಕೇಳಿ ನೋಡಿ.

ಶುಕ್ರವಾರ ರಾತ್ರಿಯೊಳಗೆ "ತರ್ತೀನಿ" ಅಥವಾ "ಬೇಕು" ಅಂತ ಅಳತೆ ಸಮೇತ ಇಲ್ಲೇ ಬರೆಯಿರಿ. ಡಾಕ್ಟರು ಓಡಾಡಬೇಡಿ ಎಂದಿರುವವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಮನೆಗೇ ತಲುಪಿಸೋಣ. ಮೇಜು ಜೋಡಿಸಲು ಇಬ್ಬರು ಬೇಕು, ಯಾರು ಬರ್ತೀರಿ?