ಎ-ಕ್ಲಾರಿನೆಟ್ಟಿನ ಪಾರ್ಟು, ಕೈಯಲ್ಲಿ ಬಿ-ಫ್ಲ್ಯಾಟ್

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಶೂಬರ್ಟನ ‘ಅಪೂರ್ಣ’ ಸಿಂಫನಿಯ (1822) ಪಾರ್ಟು (ನಿನ್ನ ವಾದ್ಯದ ಪಾಲಿನ ಸ್ವರಲಿಪಿ) ಬಂದಿದೆ, ಅದು ಎ-ಕ್ಲಾರಿನೆಟ್ಟಿನದು, ನಿನ್ನ ಹತ್ತಿರ ಬಿ-ಫ್ಲ್ಯಾಟ್ ಮಾತ್ರ ಇದೆ ಎಂದು ಬರೆದಿದ್ದೀಯ. ಎ-ಕ್ಲಾರಿನೆಟ್ ಎರವಲು ಸಿಕ್ಕರೆ ಸಂಕೋಚಪಡದೆ ಇಸಕೋ. ಸಾಮಾನ್ಯವಾಗಿ ನಿನ್ನ ಮೌತ್‌ಪೀಸೇ ಅದಕ್ಕೂ ಕೂರುತ್ತದೆ. ಸಿಗದಿದ್ದರೆ ಮುಂದೆ ಓದು.

ಮನೆಯ ಹಾರ್ಮೋನಿಯಂ ನೆನಪಿಸಿಕೋ. ಕಾಗದದಲ್ಲಿ ಬರೆದ ‘ಸಿ’ ಸ್ವರವನ್ನು ಊದಿದರೆ ಎ-ಕ್ಲಾರಿನೆಟ್ಟಿನಲ್ಲಿ ಬಿಳಿ ಆರು ಕೇಳುತ್ತದೆ, ನಿನ್ನದರಲ್ಲಿ ಕಪ್ಪು ಐದು. ಪಕ್ಕಪಕ್ಕದ ಮನೆಗಳು. ಆದ್ದರಿಂದ ನೀನು ಬರೆದದ್ದಕ್ಕಿಂತ ಅರ್ಧ ಸ್ವರ ಕೆಳಗೆ ನುಡಿಸಬೇಕು, ಅಷ್ಟೇ. ಆದರೆ ಒಂದೊಂದೇ ಸ್ವರವನ್ನು ಎಣಿಸಿ ಇಳಿಸಲು ಹೋದರೆ ಎರಡನೇ ಸಾಲಿಗೇ ಎಡವುತ್ತೀಯ. ಮೊದಲು ಕೀ ಸಿಗ್ನೇಚರ್ ನೋಡು, ಅಂದರೆ ಸಾಲಿನ ಆರಂಭದ ಶಾರ್ಪ್ (ಅರ್ಧ ಸ್ವರ ಮೇಲೆ), ಫ್ಲ್ಯಾಟ್ (ಅರ್ಧ ಸ್ವರ ಕೆಳಗೆ) ಗುರುತುಗಳು. ಕಣ್ಣು ಹೇಗೆ ಓದಬೇಕು ಎಂದು ಅದೇ ಹೇಳುತ್ತದೆ.

ಫ್ಲ್ಯಾಟ್ ಇರುವ ಪಾರ್ಟಾದರೆ ಪ್ರತಿ ಸ್ವರವನ್ನೂ ಒಂದು ಅಕ್ಷರ ಕೆಳಗೆ ಓದು; ಐದರಿಂದ ಆ ಫ್ಲ್ಯಾಟ್‌ಗಳನ್ನು ಕಳೆದರೆ ಉಳಿಯುವಷ್ಟು ಶಾರ್ಪ್ ಹಾಕಿಕೋ. ಮೊದಲ ಭಾಗ ನಿಜವಾಗಿ ಕೇಳಿಸುವುದು ಬಿ ಮೈನರ್; ನಿನ್ನ ಕಾಗದದಲ್ಲಿ ಅದು ಡಿ ಮೈನರ್, ಒಂದು ಫ್ಲ್ಯಾಟ್. ನೀನು ನುಡಿಸುವುದು ಸಿ-ಶಾರ್ಪ್ ಮೈನರ್, ನಾಲ್ಕು ಶಾರ್ಪ್. ಕಾಗದದ ಬಿ-ಫ್ಲ್ಯಾಟ್ ನಿನಗೆ ಎ. ನಡುವೆ ಬರುವ ಸಿ-ಶಾರ್ಪ್ ಬಿ-ಶಾರ್ಪ್ ಆಗುತ್ತದೆ, ಅಂದರೆ ಬೆರಳಿಗೆ ಸಿ. ಎಲ್ಲರೂ ತಪ್ಪುವುದು ಇಲ್ಲೇ: ಅಕ್ಷರ ಇಳಿಸಿ ಬಿ ನುಡಿಸಿಬಿಡುತ್ತಾರೆ, ಮುಂದಿರುವ ಶಾರ್ಪ್ ಮರೆತು.

ಶಾರ್ಪ್ ಇರುವ ಪಾರ್ಟಾದರೆ ಅಕ್ಷರ ಬದಲಿಸಬೇಡ. ಏಳರಿಂದ ಆ ಶಾರ್ಪ್‌ಗಳನ್ನು ಕಳೆದು ಅಷ್ಟು ಫ್ಲ್ಯಾಟ್ ಹಾಕಿಕೋ. ಎರಡನೇ ಭಾಗ ಕಾಗದದಲ್ಲಿ ಜಿ ಮೇಜರ್, ನಿನಗೆ ಆರು ಫ್ಲ್ಯಾಟ್. ನಡುವೆ ಬರುವ ಶಾರ್ಪ್ ನಿನಗೆ ನ್ಯಾಚುರಲ್ (ಎರಡೂ ಇಲ್ಲದ ಸ್ವರ), ನ್ಯಾಚುರಲ್ ನಿನಗೆ ಫ್ಲ್ಯಾಟ್. ಅಲ್ಲಿಯ ಕ್ಲಾರಿನೆಟ್ ಸೋಲೋ ಕಾಗದದಲ್ಲಿ ಇ ಮೈನರ್; ನೀನು ಇ-ಫ್ಲ್ಯಾಟ್ ಮೈನರಿನಲ್ಲಿ ನುಡಿಸುತ್ತೀಯ. ಆ ಸೋಲೋವನ್ನು ಕಣ್ಣಳತೆಗೆ ಬಿಡಬೇಡ. ಪೆನ್ಸಿಲ್ಲಿನಲ್ಲಿ ಬೇರೆ ಹಾಳೆಗೆ ಇಳಿಸು, ಬಾರ್ ಸಂಖ್ಯೆ ಸಮೇತ. ಕಂಪ್ಯೂಟರಿನಲ್ಲಿ ಮಾಡಿದರೆ ಒಂದು ಎಚ್ಚರ: ತಂತ್ರಾಂಶ ವಾದ್ಯವನ್ನು ಬದಲಿಸಿದಾಗ ತಾನೇ ಅರ್ಧ ಸ್ವರ ಇಳಿಸಿರುತ್ತದೆ, ಮೇಲಿಂದ ನೀನೂ ಇಳಿಸಿದರೆ ಎರಡು ಸಲ ಇಳಿಯುತ್ತದೆ. ಮೊದಲ ನಾಲ್ಕು ಬಾರನ್ನು ಹಾರ್ಮೋನಿಯಂನಲ್ಲಿ ತಾಳೆ ನೋಡು.

ನಿಜವಾದ ಕಷ್ಟ ಕಣ್ಣಿಗಲ್ಲ, ಕಿರುಬೆರಳಿಗೆ. ಕಾಗದದ ಸಿ-ಡಿ-ಇ (ಸ್ಟಾಫಿನ, ಅಂದರೆ ಐದು ಗೆರೆಗಳ, ನಡುಗೆರೆಯ ಮೇಲಿನದು) ಸುಲಭದ ಮೂರು ಸ್ವರ. ನಿನ್ನ ಪಾಲಿಗೆ ಅದು ಬಿ, ಸಿ-ಶಾರ್ಪ್, ಡಿ-ಶಾರ್ಪ್. ಮೂರಕ್ಕೂ ಕಿರುಬೆರಳು ಬೇಕು. ಸಾಮಾನ್ಯ ಬೋಮ್ (ಒಂದು ಬಗೆಯ ಕೀ ಜೋಡಣೆ) ಕ್ಲಾರಿನೆಟ್ಟಿನಲ್ಲಿ ಡಿ-ಶಾರ್ಪಿನ ಕೀ ಬಲಗಡೆ ಮಾತ್ರ. ಹಾಗಾಗಿ ಹಿಂದಿನಿಂದ ಲೆಕ್ಕ ಹಾಕು: ಡಿ-ಶಾರ್ಪ್ ಬಲ, ಸಿ-ಶಾರ್ಪ್ ಎಡ, ಬಿ ಬಲ. ಬಿಯನ್ನು ಎಡದಲ್ಲಿ ಹಿಡಿದು ಹೊರಟರೆ ಸಿ-ಶಾರ್ಪಿಗೆ ಬೆರಳು ಜಾರಿಸಲೇಬೇಕು, ಲೆಗಾಟೊ (ಸ್ವರಗಳನ್ನು ಬಿಡದೆ ಜೋಡಿಸುವುದು) ಕಡಿದುಹೋಗುತ್ತದೆ. ಸೋಲೋದ ಸಿ-ಫ್ಲ್ಯಾಟ್, ಡಿ-ಫ್ಲ್ಯಾಟ್, ಇ-ಫ್ಲ್ಯಾಟ್ ಕೂಡ ಇದೇ ಮೂರು ಕೀ, ಹೆಸರು ಬೇರೆ. ಪಾರ್ಟಿನ ಮೇಲೆ ‘ಎ’ (ಎಡ), ‘ಬ’ (ಬಲ) ಎಂದು ಗುರುತು ಹಾಕು.

ಇನ್ನೊಂದು ಸ್ವರ ಕಾಡುತ್ತದೆ. ಕಾಗದದಲ್ಲಿ ನಡುಗೆರೆಯ ಬಿ ತುಂಬು ಕೊಳವೆಯ ಸ್ವರ, ದುಂಡಗಿರುತ್ತದೆ. ನಿನಗದು ಬಿ-ಫ್ಲ್ಯಾಟ್, ರೆಜಿಸ್ಟರ್ ಕೀಯ ಸಣ್ಣ ತೂತಿನಿಂದ ಹೊರಡುವ ಸ್ವರ. ಅದಕ್ಕೇ ಸೊರಗಿದಂತೆ ಕೇಳುತ್ತದೆ. ಉದ್ದನೆಯ ಸ್ವರವಾದರೆ ಬಲಗೈಯ ಎರಡು ಮೂರು ಬೆರಳು ಮುಚ್ಚಿ ನೋಡು. ಯಾವುದು ಶ್ರುತಿಗೆ ಕೂರುತ್ತದೋ ಅದನ್ನು ಇಟ್ಟುಕೋ. ಮೊದಲ ಭಾಗದ ಮುಖ್ಯ ರಾಗವನ್ನು ಓಬೋ ಮತ್ತು ಕ್ಲಾರಿನೆಟ್ ಒಟ್ಟಿಗೇ ಒಂದೇ ಸ್ವರದಲ್ಲಿ ನುಡಿಸಬೇಕು, ಅಲ್ಲಿ ಕೂದಲೆಳೆಯ ವ್ಯತ್ಯಾಸವೂ ಬಯಲಾಗುತ್ತದೆ. ಓಬೋದವರ ಜೊತೆ ಅದನ್ನು ನಿಧಾನವಾಗಿ, ಬೇರೆಯಾಗಿ ಕೂತು ನುಡಿಸು.

ಯಾವ ಪಾರ್ಟು ಬಂದರೂ ಮೊದಲು ಅತಿ ಕೆಳಗಿನ ಇ ಇದೆಯೇ ಎಂದು ಹುಡುಕು. ಅದು ನಿನ್ನ ವಾದ್ಯದಲ್ಲಿ ಇ-ಫ್ಲ್ಯಾಟ್ ಆಗಬೇಕು. ಕೊಳವೆ ಅಷ್ಟು ಉದ್ದವಿಲ್ಲ. ಬೆಲ್ಲಿನೊಳಗೆ (ವಾದ್ಯದ ಅಗಲವಾದ ತುದಿ) ರಟ್ಟಿನ ಕೊಳವೆ ಸಿಕ್ಕಿಸಿ ಇಳಿಸುವವರಿದ್ದಾರೆ, ಆದರೆ ಆಗ ಇ ಸಿಗುವುದಿಲ್ಲ, ನಡುಗೆರೆಯ ಬಿ ಕೂಡ ಕೆಡುತ್ತದೆ. ಒಂದೇ ಸ್ವರವಾದರೆ ಒಂದು ಸ್ಥಾಯಿ ಮೇಲೆ ನುಡಿಸಲೇ ಎಂದು ಕಂಡಕ್ಟರನ್ನು ಕೇಳು. ಸೋಲೋದಲ್ಲಿ ಬಂದರೆ ಎ-ಕ್ಲಾರಿನೆಟ್ ಬೇಕೇ ಬೇಕು.

ಬೇಥೋವನ್ನನ ಐದನೆಯ ಸಿಂಫನಿಯ ಕೊನೆಯ ಭಾಗದಂಥ ಸಿ-ಕ್ಲಾರಿನೆಟ್ ಪಾರ್ಟುಗಳು ಇದರ ಮುಂದೆ ಹಗುರ: ಒಂದು ಅಕ್ಷರ ಮೇಲೆ ಓದು, ಎರಡು ಶಾರ್ಪ್ ಸೇರಿಸು. ವಯೋಲಾ ನುಡಿಸುವ ನಿನ್ನ ಗೆಳತಿಗೆ ಆ ಅಕ್ಷರಗಳು ಆಗಲೇ ಬಾಯಿಪಾಠ. ಆಲ್ಟೊ ಕ್ಲೆಫ್ (ವಯೋಲಾದವರು ಓದುವ ಲಿಪಿಯ ಗುರುತು) ಎಂದುಕೊಂಡು ಒಂದು ಸ್ಥಾಯಿ ಮೇಲೆ ಓದಿದರೆ ಅವೇ ಬರುತ್ತವೆ.

ಸೋಲೋವನ್ನು ಇಳಿಸಿ ಬರೆದ ಹಾಳೆಯ ಫೋಟೋ ಕಳಿಸು, ಫ್ಲ್ಯಾಟ್‌ಗಳನ್ನು ನೋಡಿಕೊಡುತ್ತೇನೆ.

ಇಂತಿ,
ನಿನ್ನ ಮಾವ