ಕಪ್ಪು ಕನ್ನಡಕ ಶೋಕಿಯಲ್ಲ

ಸಂಪಾದಕರೇ,

ಪೋಲೆಂಡಿನ ನಿರ್ದೇಶಕ ಆಂದ್ಜೇ ವೈದಾ ಅವರ 'ಆ್ಯಶಸ್ ಆ್ಯಂಡ್ ಡೈಮಂಡ್ಸ್' (1958) ಚಿತ್ರವನ್ನು ಬರೀ ಪ್ರೇಮಕಥೆ ಎಂದು ಪರಿಚಯಿಸುವುದು ಸರಿಯಲ್ಲ. 1945ರ ಮೇ 8, ಯುರೋಪಿನಲ್ಲಿ ಯುದ್ಧ ಮುಗಿದ ದಿನ; ಪೋಲೆಂಡಿನ ಸಣ್ಣ ಊರು. ಕಮ್ಯುನಿಸ್ಟ್ ವಿರೋಧಿ ಭೂಗತ ಪಡೆಯ ಮಾಚೆಕ್ ಗುರಿ ತಪ್ಪಿ, ಕಮ್ಯುನಿಸ್ಟ್ ನಾಯಕ ಶ್ಚುಕಾ ಬದಲು ಸಿಮೆಂಟ್ ಕಾರ್ಖಾನೆಯ ಇಬ್ಬರನ್ನು ಕೊಂದಿದ್ದಾನೆ. ಅದೇ ರಾತ್ರಿ ಬಾರ್‌ನಲ್ಲಿ ಕೆಲಸ ಮಾಡುವ ಕ್ರಿಸ್ತಿನಾ ಸಿಗುತ್ತಾಳೆ, ಬದುಕುವ ಆಸೆ ಚಿಗುರುತ್ತದೆ. ಆದರೆ ಅದೇ ಬಾರ್‌ನಲ್ಲಿ ಅವನು ಪುಟ್ಟ ಲೋಟಗಳ ಮದ್ಯಕ್ಕೆ ಕಡ್ಡಿ ಗೀರುತ್ತಾನೆ: ಸತ್ತ ಒಬ್ಬೊಬ್ಬ ಒಡನಾಡಿಯ ಹೆಸರಿಗೂ ಒಂದೊಂದು ಜ್ವಾಲೆ. ಅವನನ್ನು ಕಟ್ಟಿಹಾಕುವುದು ಮೇಲಿನವರ ಆದೇಶಕ್ಕಿಂತ ಹೆಚ್ಚಾಗಿ ಈ ಹೆಸರುಗಳು.

ಪ್ರದರ್ಶನ ಏರ್ಪಡಿಸುವವರು ನಾಜಿ ಆಕ್ರಮಣದ ವಿರುದ್ಧ ನಡೆದ 1944ರ ವಾರ್ಸಾ ದಂಗೆಯ ಬಗ್ಗೆ ಮೊದಲೇ ಎರಡು ಮಾತು ಹೇಳಲಿ. ಇಲ್ಲದಿದ್ದರೆ, ಆ ದಂಗೆಯಲ್ಲಿ ಚರಂಡಿ ಸುರಂಗಗಳಲ್ಲಿ ಅಡಗಿದ್ದು ಕಣ್ಣು ಕೆಟ್ಟ ಮಾಚೆಕ್‌ನ ಕಪ್ಪು ಕನ್ನಡಕ ಬರೀ ಶೋಕಿಯಾಗಿ ಕಾಣುತ್ತದೆ.

– ಸಿನಿಮಾಸಕ್ತರು, ಮೈಸೂರು