ಭಾನುವಾರದ ಐಟಿ ಗವರ್ನೆನ್ಸ್ ಮಾತುಕತೆ: ಬರುವವರು ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಪುಣೆಯ ಬಾಣೇರ್‌ನಲ್ಲಿ, ಹೋದ ಸಲದ ಜಾಗದಲ್ಲೇ ಸೇರೋಣ. ಕಂಪನಿಯ ಗುರಿಗೂ ಐಟಿ ಖರ್ಚಿಗೂ ತಾಳೆ ಹಾಕುವುದು ಹೇಗೆ ಅನ್ನೋದೇ ವಿಷಯ. ಹಿಂಜವಡಿ, ಖರಾಡಿ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್‌ಗಳು, ಆಡಿಟ್‌ನವರು ತಪ್ಪದೆ ಬನ್ನಿ.

ಕೋಬಿಟ್ 2019 (ಕಂಪನಿಯ ಐಟಿ ನಿರ್ವಹಣೆಗೆ ಇರುವ ಮಾರ್ಗದರ್ಶಿ ಚೌಕಟ್ಟು) ಹಿಡಿದು ಮಾತಾಡುತ್ತೇವೆ. ಅದರ 40 ಉದ್ದೇಶಗಳನ್ನೂ ಓದಿ ಸುಸ್ತಾಗಬೇಡಿ, ಗೋಲ್ಸ್ ಕ್ಯಾಸ್ಕೇಡ್ ಭಾಗ ಸಾಕು. ಅಂದರೆ ಮೊದಲು ಕಂಪನಿಗೆ ಏನು ಬೇಕು, ಆಮೇಲೆ ಐಟಿ ಏನು ಮಾಡಬೇಕು. ನಮ್ಮಲ್ಲಿ ಜಾಸ್ತಿ ಕಡೆ ಸಾಫ್ಟ್‌ವೇರ್ ಕೊಂಡ ಮೇಲೆ ಕಾರಣ ಹುಡುಕುತ್ತಾರೆ, ಅಲ್ವಾ?

ನಿಮ್ಮದೊಂದು ಪ್ರಾಜೆಕ್ಟ್ ಬಗ್ಗೆ ಬರೆದು ತನ್ನಿ: ಯಾವ ಗುರಿಗೆ, ದುಡ್ಡಿಗೆ ಒಪ್ಪಿದವರು ಯಾರು, ಲಾಭ ಅಳೆಯುವುದು ಹೇಗೆ. ಸುಮ್ನೆ 'ಸರ್ವರ್ ಶೇ. 99.9 ಚಾಲು' ಅಂತ ಬರೆಯಬೇಡಿ. ಅಷ್ಟಿದ್ದರೂ ತಿಂಗಳಿಗೆ ಸುಮಾರು 43 ನಿಮಿಷ ನಿಲ್ಲಬಹುದು. ಚಾಕಣ್‌ನ ಕಾರ್ಖಾನೆಯಲ್ಲಿ ಲಾರಿ ತುಂಬಿ, ಬಿಲ್ ಬರದೆ ಗೇಟಲ್ಲಿ ನಿಲ್ಲುವುದು ಆ 43 ನಿಮಿಷದಲ್ಲೇ ಆದರೆ?

ಕ್ಲೈಂಟ್ ಹೆಸರು ಬೇಡ. ಶುಕ್ರವಾರ ರಾತ್ರಿಯೊಳಗೆ ಇಲ್ಲೇ 'ಬರುತ್ತೇನೆ' ಅಂತ ಹಾಕಿ, ತಿಂಡಿಗೆ ಲೆಕ್ಕ ಬೇಕು. ಪ್ರೊಜೆಕ್ಟರ್ ಇರುವವರು ದಯವಿಟ್ಟು ತಿಳಿಸಿ.